ಕೋಶಗಳು ಕೊಟ್ಟ ಎಚ್ಚರಿಕೆಯನ್ನು ಪೂರ್ತಿ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ದಿನಬಳಕೆಯ ಒಂದು ಕೆಮಿಕಲ್ ಕ್ಯಾನ್ಸರ್ ತರುತ್ತದೆ, ಮನುಷ್ಯರ ಜೀವಕೋಶಗಳ ಮೇಲೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಇದನ್ನು ಕಂಡುಕೊಂಡಿದ್ದಾರೆ ಅಂತ. ಎಂಟೇ ಸಾಲು. ಬೆಳಿಗ್ಗೆ ಏಳಕ್ಕೆಲ್ಲ ನನ್ನ ತಮ್ಮನ ಫೋನ್ ಬಂತು. "ಅಕ್ಕಾ, ನೀನು ಇದೇ ಕೆಲಸ ಮಾಡೋದಲ್ವಾ? ಇದು ನಿಜಾನಾ? ಮನೇಲಿರೋದನ್ನ ಎಸೆದುಬಿಡ್ಲಾ?"

ನಾನು ಸುದ್ದಿಯನ್ನು ಎರಡು ಸಲ ಓದಿದೆ. ಅವನಿಗೆ ಉತ್ತರ ಕೊಡಲು ಆಗಲಿಲ್ಲ. ಯಾವ ಕೋಶಗಳು ಅಂತ ಬರೆದಿರಲಿಲ್ಲ. ಎಷ್ಟು ಪ್ರಮಾಣದಲ್ಲಿ ಹಾಕಿದ್ದರು ಅಂತ ಇರಲಿಲ್ಲ. ಕೆಮಿಕಲ್ಲನ್ನು ದೇಹದಲ್ಲಿ ಬದಲಿಸುವ ಲಿವರಿನ ಕಿಣ್ವ (ಎಂಜೈಮ್) ಜೊತೆಗಿತ್ತೋ ಇಲ್ಲವೋ, ಅದೂ ಇರಲಿಲ್ಲ. ಈ ಮೂರು ಗೊತ್ತಿಲ್ಲದೆ ನಾನು "ಎಸಿ" ಅಂತಲೂ ಹೇಳಲಾರೆ, "ಇಟ್ಟುಕೋ" ಅಂತಲೂ ಹೇಳಲಾರೆ. ಅದಕ್ಕೇ ಈ ಪತ್ರ.

ನಾನು ಇಪ್ಪತ್ತಾರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಕೋಶಗಳನ್ನು ಬೆಳೆಸುವುದು, ಅವುಗಳಿಗೆ ಕೆಮಿಕಲ್ ಹಾಕುವುದು, ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕೂತು ಎಣಿಸುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಮೊದಲು ಇನ್‌ಕ್ಯುಬೇಟರ್ ಬಾಗಿಲು ತೆಗೆದು ಫ್ಲಾಸ್ಕುಗಳ ಬಣ್ಣ ನೋಡುತ್ತೇನೆ. ಕೋಶಗಳಿಗೆ ಹಾಕುವ ದ್ರವ ಹೊಸದಾಗಿದ್ದಾಗ ಕೆಂಪು ಬಣ್ಣ ಇರುತ್ತದೆ. ಕೋಶ ಜಾಸ್ತಿಯಾಗಿ, ತಿಂದು, ಹುಳಿ ಬಿಟ್ಟಾಗ ಹಳದಿಗೆ ತಿರುಗುತ್ತದೆ. ಹಳದಿ ಕಂಡರೆ ಬೇರೆ ಎಲ್ಲ ಕೆಲಸ ಬಿಟ್ಟು ಮೊದಲು ಅವುಗಳಿಗೆ ಊಟ ಬದಲಿಸಬೇಕು.

ಈ ಕೆಲಸಕ್ಕೆ ನಾನು ಸುಮ್ನೆ ಬಂದವಳಲ್ಲ. ನನ್ನ ಅಪ್ಪ ಹನ್ನೊಂದು ವರ್ಷ ಒಂದು ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಎಷ್ಟು ತೊಳೆದರೂ ಅವರ ಉಗುರಿನ ಅಂಚಿನಲ್ಲಿ ಕೆಂಪು ಉಳಿದಿರುತ್ತಿತ್ತು. ಆ ಕೆಲಸ ಬಿಟ್ಟು ಹತ್ತೊಂಬತ್ತು ವರ್ಷ ಆದ ಮೇಲೆ ಒಂದು ದಿನ ಮೂತ್ರದಲ್ಲಿ ಕೆಂಪು ಕಂಡಿತು. ಅಪ್ಪ ಯಾರಿಗೂ ಹೇಳಲಿಲ್ಲ. ಅಷ್ಟು ವರ್ಷ ಬಣ್ಣದಲ್ಲೇ ಇದ್ದೆನಲ್ಲ, ಹಳೇ ಬಣ್ಣವೇ ಈಗ ಹೊರಗೆ ಬರುತ್ತಿದೆ ಅಂದುಕೊಂಡಿದ್ದರಂತೆ. ಅದು ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾಗುವಾಗ ತಡವಾಗಿತ್ತು. ಅವರು ಕೈಯಾಡಿಸಿದ ಪುಡಿಗಳು ಯಾವುವು ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಹಾಗಾಗಿ ಇಂಥದ್ದೇ ಕಾರಣ ಅಂತ ನಾನು ಇವತ್ತಿಗೂ ಬೆರಳು ತೋರಿಸಿ ಹೇಳಲಾರೆ.

ಆದರೆ ಬಣ್ಣದ ಕೆಲಸಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ನಂಟಿದೆ ಅನ್ನುವುದು ಹಳೆಯ ವಿಷಯ. ಜರ್ಮನಿಯ ಸರ್ಜನ್ ಲುಡ್ವಿಗ್ ರೆನ್ 1895ರಲ್ಲೇ ಬಣ್ಣದ ಕಾರ್ಮಿಕರಲ್ಲಿ ಈ ಗಡ್ಡೆಗಳನ್ನು ಕಂಡು ವರದಿ ಮಾಡಿದ್ದರು. ಅನುಮಾನ ಬಿದ್ದ ಕೆಮಿಕಲ್‌ಗಳಲ್ಲಿ ಒಂದು 2-ನ್ಯಾಫ್ತೈಲಮೀನ್. ಅದನ್ನು ನಾಯಿಗಳಿಗೆ ಕೊಟ್ಟು, ಅವುಗಳ ಮೂತ್ರಕೋಶದಲ್ಲೂ ಗಡ್ಡೆ ಬರುತ್ತದೆ ಅಂತ ವಿಲ್ಹೆಲ್ಮ್ ಹ್ಯೂಪರ್ ಮತ್ತು ಜೊತೆಗಾರರು ತೋರಿಸಿದ್ದು 1938ರಲ್ಲಿ. ನಡುವೆ 43 ವರ್ಷ ಹೋಗಿತ್ತು. ಅಷ್ಟು ವರ್ಷವೂ ಜನ ಆ ಪುಡಿಯನ್ನು ಕೈಯಲ್ಲಿ ಮುಟ್ಟುತ್ತಲೇ ಇದ್ದರು.

ಅಷ್ಟು ತಡ ಯಾಕಾಯಿತು? ಒಂದು ಕಾರಣ ಲಿವರಿನಲ್ಲಿದೆ. 2-ನ್ಯಾಫ್ತೈಲಮೀನ್ ತಾನಾಗಿ ಡಿಎನ್‌ಎಗೆ ಅಂಟುವುದಿಲ್ಲ. ಮನುಷ್ಯರ ಲಿವರಿನಲ್ಲಿರುವ ಸಿವೈಪಿ1ಎ2 ಅನ್ನುವ ಕಿಣ್ವ ಅದಕ್ಕೆ ಸಣ್ಣ ಬದಲಾವಣೆ ಮಾಡುತ್ತದೆ. ದೇಹದಿಂದ ಹೊರಗೆ ಹಾಕುವ ದಾರಿಯಲ್ಲೇ ಇದು ನಡೆಯುವುದು. ಹೀಗೆ ಬದಲಾದ ವಸ್ತು ರಕ್ತದಿಂದ ಮೂತ್ರಕ್ಕೆ ಬಂದು, ಅಲ್ಲಿನ ಹುಳಿಯಲ್ಲಿ ಬಿಚ್ಚಿಕೊಂಡು, ಮೂತ್ರಕೋಶದ ಒಳಪದರದ ಡಿಎನ್‌ಎಗೆ ಹಿಡಿದುಕೊಳ್ಳುತ್ತದೆ. ಎಲ್ಲ ಪ್ರಾಣಿಗಳ ಲಿವರೂ ಈ ಕೆಲಸವನ್ನು ಒಂದೇ ಥರ ಮಾಡುವುದಿಲ್ಲ. ನಾಯಿಯಲ್ಲಿ ಚೆನ್ನಾಗಿ ಕಂಡದ್ದು ಇಲಿಯಲ್ಲಿ ಹಾಗೆ ಕಾಣಲಿಲ್ಲ. ಲಿವರಿನ ಕಿಣ್ವವೇ ಇಲ್ಲದ ಕೋಶಗಳ ಮೇಲೆ ಈ ಪುಡಿ ಹಾಕಿ ನೋಡಿದರೆ ಅವು ಆರಾಮಾಗಿ ಬೆಳೆಯುತ್ತಾ ಇರಬಹುದು. ನೋಡಿದವರು "ಏನೂ ತೊಂದರೆಯಿಲ್ಲ" ಅಂತ ಬರೆದು ಎದ್ದು ಹೋಗಬಹುದು.

ತಿದ್ದಿದ ಕೋಶಗಳು ಬೇಕಾಗುವುದು ಇಂಥ ಕಡೆ. ತಿದ್ದಿದ ಅಂದರೆ, ಯಾವುದಾದರೂ ಜೀನ್ ಸೇರಿಸಿದ ಅಥವಾ ತೆಗೆದ ಕೋಶಗಳು. ಎಂಸಿಎಲ್-5 ಅನ್ನುವ ಮನುಷ್ಯರ ರಕ್ತದ ಕೋಶಗಳಿವೆ. ಅವುಗಳಿಗೆ ಸಿವೈಪಿ1ಎ2 ಸೇರಿ ಮನುಷ್ಯರ ಹಲವು ಕಿಣ್ವಗಳ ಜೀನ್‌ಗಳನ್ನು ಸೇರಿಸಿದ್ದಾರೆ. ಕೋಶ ತನ್ನೊಳಗೇ ಕೆಮಿಕಲ್ಲನ್ನು ಬದಲಿಸುತ್ತದೆ, ತನ್ನೊಳಗೇ ಏಟು ತಿನ್ನುತ್ತದೆ. ಲಿವರ್ ಮಾಡುವ ಕೆಲಸ ಒಂದು ಫ್ಲಾಸ್ಕಿನೊಳಗೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಅಪ್ಪನ ಕಾರ್ಖಾನೆಯ ಪುಡಿಗಳನ್ನು ಯಾರಾದರೂ ಇಂಥ ಕೋಶಗಳಿಗೆ ಮೊದಲು ಹಾಕಿ ನೋಡಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಆಗ ಅಂಥ ಕೋಶಗಳೇ ಇರಲಿಲ್ಲ, ಗೊತ್ತು. ಆದರೂ ಅನಿಸುತ್ತದೆ.

ಇನ್ನೊಂದು ಬಗೆಯ ಕೋಶಗಳು ಏಟು ಬಿದ್ದರೆ ಬೆಳಕು ಕೊಡುತ್ತವೆ. ಡಿಎನ್‌ಎ ಮುರಿದಾಗ ಕೋಶ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಗ್ಯಾಡ್45ಎ ಒಂದು. ಟಿಕೆ6 ಅನ್ನುವ ಮನುಷ್ಯರ ಕೋಶಗಳಲ್ಲಿ ಈ ಜೀನಿನ ಸ್ವಿಚ್ಚಿಗೆ ಹಸಿರು ಹೊಳೆಯುವ ಪ್ರೋಟೀನಿನ ಜೀನನ್ನು ಜೋಡಿಸಿದ್ದಾರೆ. ಡಿಎನ್‌ಎಗೆ ಹಾನಿಯಾದರೆ ಕೋಶ ಹಸಿರಾಗುತ್ತದೆ. ಮೂರನೆಯ ಬಗೆಯಲ್ಲಿ ಡಿಎನ್‌ಎ ರಿಪೇರಿ ಮಾಡುವ ಜೀನನ್ನೇ ತೆಗೆದುಬಿಡುತ್ತಾರೆ. ಡಿಟಿ40 ಅನ್ನುವ ಕೋಳಿಯ ಕೋಶಗಳಲ್ಲಿ ಹೀಗೆ ಮಾಡಿದ್ದಾರೆ. ರಿಪೇರಿ ಬಲ್ಲ ಕೋಶ ಬದುಕಿ, ರಿಪೇರಿ ಬಾರದ್ದು ಸತ್ತರೆ, ಕೆಮಿಕಲ್ ಡಿಎನ್‌ಎಯನ್ನೇ ಮುಟ್ಟಿದೆ ಅನ್ನುವ ಸುಳಿವು ಸಿಗುತ್ತದೆ.

ಅಮೆರಿಕದ ಟಾಕ್ಸ್21 ಯೋಜನೆ 2008ರಲ್ಲಿ ಶುರುವಾಯಿತು. ಅಲ್ಲಿ ಸುಮಾರು 10,000 ಕೆಮಿಕಲ್‌ಗಳನ್ನು ಇಂಥ ಕೋಶಗಳ ಮೇಲೆ ರೋಬೋಟ್‌ಗಳು ಪರೀಕ್ಷಿಸುತ್ತವೆ. ಅಂಗೈಯಗಲದ ಒಂದೊಂದು ಪ್ಲೇಟಿನಲ್ಲಿ 1,536 ಗುಳಿಗಳು. ಅದೇ ಪ್ರಶ್ನೆಯನ್ನು ಇಲಿಗಳಿಗೆ ಕೇಳಿದರೆ ಒಂದು ಕೆಮಿಕಲ್ಲಿಗೆ ಎರಡು ವರ್ಷ ಬೇಕು. ಇಲಿ ಮತ್ತು ಸುಂಡಿಲಿ, ಗಂಡು ಮತ್ತು ಹೆಣ್ಣು, ಒಂದೊಂದು ಪ್ರಮಾಣಕ್ಕೆ 50 ಪ್ರಾಣಿಯಂತೆ ನೂರಾರು ಜೀವ. ಬಳಕೆಯಲ್ಲಿರುವ ಎಲ್ಲ ಕೆಮಿಕಲ್‌ಗಳಿಗೂ ಹಾಗೆ ಮಾಡುತ್ತಾ ಕೂರಲು ಆಗುವುದೇ ಇಲ್ಲ.

ಈಗ ನನ್ನ ಮೇಜಿಗೆ ಬನ್ನಿ. ನಾನು ಜಾಸ್ತಿ ಮಾಡಿರುವುದು ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ. ಟಿಕೆ6 ಕೋಶಗಳಿಗೆ ಕೆಮಿಕಲ್ ಹಾಕುತ್ತೇವೆ. ಜೊತೆಗೆ ಸೈಟೋಕಲಾಸಿನ್-ಬಿ ಅನ್ನುವ ಇನ್ನೊಂದು ವಸ್ತು. ಇದು ಇದ್ದರೆ ನ್ಯೂಕ್ಲಿಯಸ್, ಅಂದರೆ ಡಿಎನ್‌ಎ ಇರುವ ಕೋಶದ ನಡುಭಾಗ, ಎರಡಾಗುತ್ತದೆ, ಆದರೆ ಕೋಶ ಮಾತ್ರ ಎರಡಾಗಿ ಬೇರೆಯಾಗುವುದಿಲ್ಲ. ಒಂದು ದಿನ ಬಿಟ್ಟು ಸ್ಲೈಡ್ ಮಾಡಿ, ಅಕ್ರಿಡಿನ್ ಆರೆಂಜ್ ಅನ್ನುವ ಹೊಳೆಯುವ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರುತ್ತೇನೆ. ಕೋಶದ ಮೈ ಕಿತ್ತಳೆ ಬಣ್ಣ. ಅದರೊಳಗೆ ಅಕ್ಕಪಕ್ಕ ಎರಡು ದುಂಡನೆಯ ಹಸಿರು ನ್ಯೂಕ್ಲಿಯಸ್. ಎಲ್ಲ ಸರಿಯಿದ್ದರೆ ಅಷ್ಟೇ. ಕೆಲವು ಕೋಶಗಳಲ್ಲಿ ಈ ಎರಡರ ಪಕ್ಕದಲ್ಲಿ ಇನ್ನೊಂದು ಪುಟ್ಟ ಹಸಿರು ಚುಕ್ಕೆ ಇರುತ್ತದೆ. ಮೈಕ್ರೋನ್ಯೂಕ್ಲಿಯಸ್ ಅಂದರೆ ಇದೇ. ದೊಡ್ಡದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು, ಅಂಚು ಚೊಕ್ಕವಾಗಿ ದುಂಡಗೆ. ನ್ಯೂಕ್ಲಿಯಸ್ ಎರಡಾಗುವಾಗ ಮುರಿದು ಹಿಂದೆ ಉಳಿದ ಕ್ರೋಮೋಸೋಮಿನ, ಅಂದರೆ ಡಿಎನ್‌ಎ ಸುರುಳಿಯ, ತುಂಡು ಅದು. ಕೆಲವೊಮ್ಮೆ ದಾರಿ ತಪ್ಪಿದ ಇಡೀ ಕ್ರೋಮೋಸೋಮೇ ಇರಬಹುದು.

ಕೆಮಿಕಲ್ ಹಾಕದ ಕೋಶಗಳಲ್ಲೂ ಇಂಥ ಚುಕ್ಕೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಹಾಗಾಗಿ ಒಂದನ್ನು ಕಂಡು ಗಾಬರಿಯಾಗುವಂತಿಲ್ಲ. ಒಂದೊಂದು ಪ್ರಮಾಣಕ್ಕೂ ಕಡಿಮೆಯೆಂದರೆ 2,000 ಕೋಶ ಎಣಿಸಬೇಕು. ಸ್ಲೈಡಿನ ಮೇಲೆ ಕೆಮಿಕಲ್ ಹೆಸರು ಇರುವುದಿಲ್ಲ, ಬೇರೆಯವರು ಹಾಕಿದ ನಂಬರ್ ಮಾತ್ರ. ಯಾವುದು ಯಾವುದು ಅಂತ ನನಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ. ಸಂಜೆ ಹೊತ್ತಿಗೆ ಕಣ್ಣು ಮುಚ್ಚಿದರೂ ಹಸಿರು ಚುಕ್ಕೆಗಳೇ ಕಾಣುತ್ತಿರುತ್ತವೆ.

ಎಚ್ಚರಿಕೆ ಬಂದ ಕೂಡಲೇ ಅದನ್ನು ತೀರ್ಪು ಅಂದುಕೊಳ್ಳಬಾರದು ಅಂತ ನನಗೆ ಮನದಟ್ಟಾದದ್ದು ಕೆಲವು ವರ್ಷದ ಹಿಂದೆ. ಪರೀಕ್ಷೆಗೆ ಬಂದ ಒಂದು ಹೊಸ ವಸ್ತುವನ್ನು ಹಸಿರು ಹೊಳೆಯುವ ಕೋಶಗಳಿಗೆ ಹಾಕಿದ್ದೆವು. ಮರುದಿನ ಪ್ಲೇಟ್ ಓದಿದಾಗ ಒಂದು ಇಡೀ ಸಾಲು ದೀಪ ಹಚ್ಚಿದ ಹಾಗೆ ಉರಿಯುತ್ತಿತ್ತು. ಪ್ರಮಾಣ ಜಾಸ್ತಿಯಾದ ಹಾಗೆ ಬೆಳಕೂ ಜಾಸ್ತಿ. ನಮಗೆಲ್ಲ ಎದೆ ಡವಡವ. ವರದಿಯ ಮೊದಲ ಸಾಲು ಬರೆದೂ ಆಗಿತ್ತು.

ಈ ಪರೀಕ್ಷೆಯಲ್ಲಿ ಪಕ್ಕದಲ್ಲೇ ಇನ್ನೊಂದು ಬಗೆಯ ಕೋಶಗಳನ್ನೂ ಇಡುತ್ತೇವೆ. ಅವುಗಳಲ್ಲಿ ಹಸಿರು ಪ್ರೋಟೀನ್ ತಯಾರಾಗದ ಹಾಗೆ ಜೀನನ್ನು ಕೆಡಿಸಿರುತ್ತಾರೆ. ಏನೇ ಆದರೂ ಅವು ಹಸಿರಾಗಬಾರದು. ಆ ಸಾಲನ್ನು ಓದಿದೆ. ಅದೂ ಅಷ್ಟೇ ಜೋರಾಗಿ ಹೊಳೆಯುತ್ತಿತ್ತು. ಹೊಳೆದದ್ದು ಕೋಶ ಅಲ್ಲ, ಆ ವಸ್ತುವೇ. ಬರೀ ನೀರಿಗೆ ಹಾಕಿ ನೋಡಿದೆವು, ನೀರೂ ಹೊಳೆಯಿತು. ಬೇರೆ ವಿಧಾನದಲ್ಲಿ ಪರೀಕ್ಷಿಸಿದಾಗ ಡಿಎನ್‌ಎ ಹಾನಿ ಕಾಣಲಿಲ್ಲ. ಪಕ್ಕದ ಸಾಲು ಇಲ್ಲದೇ ಹೋಗಿದ್ದರೆ ತಪ್ಪು ವರದಿಯೊಂದು ನನ್ನ ಕೈಯಿಂದಲೇ ಹೋಗಿರುತ್ತಿತ್ತು. ಆಮೇಲೆ ಅದು ಯಾವುದೋ ಪತ್ರಿಕೆಯಲ್ಲಿ ಎಂಟು ಸಾಲಿನ ಸುದ್ದಿಯಾಗುತ್ತಿತ್ತು.

ಪ್ರಮಾಣದ ವಿಷಯವೂ ಹೀಗೇ. ಕೋಶ ಸಾಯುವಷ್ಟು ಕೆಮಿಕಲ್ ಸುರಿದರೆ ಡಿಎನ್‌ಎ ತುಂಡಾಗಿಯೇ ತುಂಡಾಗುತ್ತದೆ. ಸಾಯುವ ಕೋಶ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ದ್ರವ ಹುಳಿಯಾದರೂ ಕ್ರೋಮೋಸೋಮ್ ಮುರಿಯಬಹುದು. ಅದಕ್ಕೇ ಹಲವು ದೇಶಗಳು ಸೇರಿದ ಒಇಸಿಡಿ ಸಂಸ್ಥೆಯ 487ನೇ ಮಾರ್ಗಸೂಚಿ ಈ ಪರೀಕ್ಷೆಗೆ ಒಂದು ಮಿತಿ ಹಾಕಿದೆ. ಕೋಶಗಳ ಬೆಳವಣಿಗೆ ಸುಮಾರು ಶೇ. 55ರಷ್ಟು ಕುಗ್ಗುವ ಪ್ರಮಾಣಕ್ಕಿಂತ ಮೇಲೆ ಹೋಗಬೇಕಿಲ್ಲ. ಅದಕ್ಕಿಂತ ಮೇಲೆ ಮಾತ್ರ ಕಂಡ ಫಲಿತಾಂಶವನ್ನು ನಂಬಲು ಹಿಂದೆಮುಂದೆ ನೋಡಬೇಕು.

ಯಾವ ಕೋಶ ಅನ್ನುವುದಂತೂ ದೊಡ್ಡ ಪ್ರಶ್ನೆ. ಹಾನಿಯಾದ ಕೋಶವನ್ನು ತಡೆದು ನಿಲ್ಲಿಸುವುದು, ರಿಪೇರಿಯಾಗದಿದ್ದರೆ ಸಾಯಿಸುವುದು ಪಿ53 ಅನ್ನುವ ಜೀನಿನ ಕೆಲಸ. ಲ್ಯಾಬುಗಳಲ್ಲಿ ದಶಕಗಳಿಂದ ಬಳಸುತ್ತಿರುವ ಹ್ಯಾಮ್‌ಸ್ಟರ್ ಕೋಶಗಳಲ್ಲಿ ಹಲವಕ್ಕೆ ಈ ಜೀನ್ ಕೆಟ್ಟಿದೆ. ಕಾವಲುಗಾರನಿಲ್ಲದ ಕೋಶ ಸಣ್ಣ ಏಟಿಗೂ "ಅಯ್ಯೋ" ಅನ್ನುತ್ತದೆ. ಪಿ53 ಸರಿಯಿರುವ ಮನುಷ್ಯರ ಕೋಶಗಳಲ್ಲಿ ಅದೇ ಕೆಮಿಕಲ್ ಎಷ್ಟೋ ಸಲ ಏನೂ ಮಾಡುವುದಿಲ್ಲ. ಟಿಕೆ6 ಕೋಶಗಳಲ್ಲಿ ಪಿ53 ಸರಿಯಿದೆ. ಅದಕ್ಕೇ ನಾವು ಅವುಗಳನ್ನು ಇಷ್ಟು ನೆಚ್ಚಿಕೊಂಡಿರುವುದು.

ಇಲ್ಲಿಯವರೆಗೆ ಓದಿದವರಿಗೆ, ಹಾಗಾದರೆ ಈ ಪರೀಕ್ಷೆಗಳು ಸುಮ್ಮನೆ ಹೆದರಿಸುತ್ತವೆ ಅಂತ ಅನಿಸಬಹುದು. ಖಂಡಿತ ಹಾಗಲ್ಲ. ಉಲ್ಟಾ ತಪ್ಪು ಇನ್ನೂ ಅಪಾಯ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ರೂಪಿಸಿದ, ಬ್ಯಾಕ್ಟೀರಿಯಾ ಬಳಸುವ ಏಮ್ಸ್ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಪ್ರಾಣಿಕೋಶಗಳ ಕೆಲವು ಪರೀಕ್ಷೆಗಳಲ್ಲೂ ಸಿಗಲಿಲ್ಲ. ಅದು ಮಾಡುವ ಹಾನಿ ಸಣ್ಣ ಅಕ್ಷರದೋಷ ಅಲ್ಲ. ಡಿಎನ್‌ಎಯ ಉದ್ದುದ್ದ ತುಂಡೇ ಹಾರಿಹೋಗುತ್ತದೆ. ಅಷ್ಟು ಕಳೆದುಕೊಂಡ ಕೋಶ ಸತ್ತೇಹೋಗುತ್ತದೆ. ಸತ್ತ ಕೋಶ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ಸಿಕ್ಕಿದ ಉಪಾಯ ನನಗೆ ತುಂಬಾ ಇಷ್ಟ. ಹ್ಯಾಮ್‌ಸ್ಟರ್ ಕೋಶದೊಳಗೆ ಮನುಷ್ಯರ 11ನೇ ಕ್ರೋಮೋಸೋಮ್ ಒಂದನ್ನು ಸೇರಿಸಿದ ಎಎಲ್ ಅನ್ನುವ ಕೋಶಗಳಿವೆ. ಹ್ಯಾಮ್‌ಸ್ಟರ್ ಕೋಶಕ್ಕೆ ಬದುಕಲು ಆ ಮನುಷ್ಯರ ಕ್ರೋಮೋಸೋಮಿನ ಬಹುಪಾಲು ಬೇಕಾಗಿಲ್ಲ. ಹಾಗಾಗಿ ಅದರಲ್ಲಿ ದೊಡ್ಡ ತುಂಡೇ ಹೋದರೂ ಕೋಶ ಬದುಕಿರುತ್ತದೆ, ನಾವು ಎಣಿಸಬಹುದು. 1992ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಟಾಮ್ ಹೇ ಮತ್ತು ಜೊತೆಗಾರರು ಈ ಕೋಶಗಳಿಗೆ ಕಲ್ನಾರಿನ ಎಳೆಗಳನ್ನು ಹಾಕಿದಾಗ ಹಾನಿ ಢಾಳಾಗಿ ಕಂಡಿತು. ಆರ್ಸೆನಿಕ್ ವಿಷಯದಲ್ಲೂ ಹೀಗೇ ಆಯಿತು. ಅಷ್ಟು ವರ್ಷ "ನೆಗೆಟಿವ್" ಅಂತ ಬರುತ್ತಿದ್ದದ್ದು ಕೇಳಿದ ರೀತಿ ಬದಲಾದ ಕೂಡಲೇ ಉತ್ತರ ಕೊಟ್ಟಿತು.

ಡಿಎನ್‌ಎಯನ್ನು ಮುಟ್ಟದೆಯೇ ಕ್ಯಾನ್ಸರಿಗೆ ದಾರಿ ಮಾಡಿಕೊಡುವ ವಸ್ತುಗಳೂ ಇವೆ. ಈಗಾಗಲೇ ಕೆಟ್ಟಿರುವ ಕೋಶವನ್ನು ಅವು ಬೆಳೆಯಲು ತಳ್ಳುತ್ತವೆ. ಇವುಗಳನ್ನು ಹಿಡಿಯಲು ಭಾಸ್ 42 ಅನ್ನುವ ಕೋಶಗಳಿವೆ. ಸುಂಡಿಲಿಯ ಕೋಶಕ್ಕೆ ರಾಸ್ ಅನ್ನುವ ಕ್ಯಾನ್ಸರ್ ಜೀನ್ ಸೇರಿಸಿ, ಒಂದು ಹೆಜ್ಜೆ ಮೊದಲೇ ಮುಂದೆ ಇಡಿಸಿರುತ್ತಾರೆ. ಸಾಮಾನ್ಯವಾಗಿ ಅವು ಒಂದೇ ಪದರವಾಗಿ ಹರಡಿಕೊಂಡು ಸುಮ್ಮನಿರುತ್ತವೆ. ತಳ್ಳುವ ವಸ್ತು ಬಿದ್ದರೆ ಸುಮಾರು ಮೂರು ವಾರದಲ್ಲಿ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುತ್ತವೆ. ಬಣ್ಣ ಹಾಕಿದರೆ ತಟ್ಟೆಯ ಮೇಲೆ ಆ ಗುಡ್ಡೆಗಳು ಬರಿಗಣ್ಣಿಗೇ ಕಪ್ಪು ಚುಕ್ಕೆಯಾಗಿ ಕಾಣುತ್ತವೆ.

ಪ್ರಾಣಿಗಳಲ್ಲಿ ಬಂದದ್ದೇ ಕೊನೆಯ ಮಾತು ಅನ್ನುವಂತೆಯೂ ಇಲ್ಲ. ಸಕ್ಕರೆ ಬದಲಿಗೆ ಬಳಸುವ ಸ್ಯಾಕರಿನ್ ತಿಂದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಬಂದು 1970ರ ದಶಕದಲ್ಲಿ ದೊಡ್ಡ ಗಲಾಟೆಯಾಯಿತು. ಇಲಿಯ ಮೂತ್ರದ ಗುಣವೇ ಬೇರೆ, ಅಲ್ಲಿ ಆಗುವ ಹರಳುಗಳಿಂದ ಬಂದ ತೊಂದರೆ ಅದು, ಮನುಷ್ಯರಿಗೆ ಹೊಂದುವುದಿಲ್ಲ ಅಂತ ತಿಳಿದ ಮೇಲೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1999ರಲ್ಲಿ ಅದನ್ನು ಅನುಮಾನದ ಪಟ್ಟಿಯಿಂದ ಕೆಳಗಿಳಿಸಿತು.

ಬೇಗ ಸಿಕ್ಕಿದ ಎಚ್ಚರಿಕೆಯನ್ನು ಸರಿಯಾಗಿ ಬಳಸಿದರೆ ಎಷ್ಟು ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಟ್ರಿಸ್ ಕಥೆ ಇದೆ. ಬೆಂಕಿ ಬೇಗ ಹತ್ತದಿರಲಿ ಅಂತ ಅಮೆರಿಕದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಟ್ರಿಸ್ ಅನ್ನುವ ಕೆಮಿಕಲ್ ಹಾಕುತ್ತಿದ್ದರು. ಬ್ರೂಸ್ ಏಮ್ಸ್ ಆಗ ಸ್ವಲ್ಪ ವರ್ಷದ ಹಿಂದಷ್ಟೇ ತಮ್ಮ ಬ್ಯಾಕ್ಟೀರಿಯಾ ಪರೀಕ್ಷೆಯನ್ನು ರೂಪಿಸಿದ್ದರು. ಅವೂ ಬೇಕೆಂದೇ ಬದಲಿಸಿದ ಬ್ಯಾಕ್ಟೀರಿಯಾಗಳೇ. ಬೆಳೆಯಲು ಬೇಕಾದ ಹಿಸ್ಟಿಡಿನ್ ಅನ್ನುವ ಪೋಷಕಾಂಶವನ್ನು ತಯಾರಿಸಲು ಬಾರದವು, ಡಿಎನ್‌ಎ ರಿಪೇರಿ ಬಾರದವು, ಹೊರಗೋಡೆ ಸಡಿಲ ಇರುವಂಥವು. ಏಮ್ಸ್ ಮತ್ತು ಆರ್ಲೀನ್ ಬ್ಲಮ್ ಟ್ರಿಸ್ ಡಿಎನ್‌ಎಯನ್ನು ಕೆಡಿಸುತ್ತದೆ ಅಂತ 1977ರ ಜನವರಿಯಲ್ಲಿ ಬರೆದರು. ಅದೇ ವರ್ಷ ಇಲಿಗಳ ಪರೀಕ್ಷೆಯಲ್ಲೂ ಗಡ್ಡೆ ಕಂಡಿತು, ಮಕ್ಕಳ ಉಡುಪಿನಲ್ಲಿ ಅದರ ಬಳಕೆಯನ್ನು ಅಲ್ಲಿನ ಸರ್ಕಾರ ನಿಲ್ಲಿಸಿತು. ಆ ಮಕ್ಕಳು ದೊಡ್ಡವರಾಗಿ ಕಾಯಿಲೆ ಬೀಳಲಿ, ಆಮೇಲೆ ಎಣಿಸೋಣ ಅಂತ ಯಾರೂ ಕಾಯಲಿಲ್ಲ. ನನ್ನ ಅಪ್ಪನಂಥವರ ವಿಷಯದಲ್ಲಿ ನಡೆದದ್ದು ಆ ಎಣಿಕೆಯೇ.

ಸಂಪಾದಕರೇ, ಇಂಥ ಸುದ್ದಿ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಇನ್ನೂ ಜಾಸ್ತಿ ಹಾಕಿ. ಆದರೆ ನಾಲ್ಕು ಸಾಲು ಜಾಸ್ತಿ ಬರೆಯಿರಿ. ಯಾರ ಕೋಶ, ಮನುಷ್ಯರದ್ದೋ ಪ್ರಾಣಿಯದ್ದೋ, ಅದರಲ್ಲಿ ಏನು ತಿದ್ದಿದ್ದಾರೆ. ಲಿವರಿನ ಕಿಣ್ವ ಇತ್ತೇ. ಹಾನಿ ಕಂಡ ಪ್ರಮಾಣದಲ್ಲಿ ಕೋಶಗಳು ಬದುಕಿದ್ದವೇ, ಜನರ ದೇಹಕ್ಕೆ ಅಷ್ಟು ಸೇರುವ ಸಾಧ್ಯತೆ ಇದೆಯೇ. ಇನ್ನೊಂದು ಪರೀಕ್ಷೆಯಲ್ಲೂ ಅದೇ ಬಂತೇ. ಮೂಲ ವರದಿಯಲ್ಲಿ ಇವು ಸಾಮಾನ್ಯವಾಗಿ ಇರುತ್ತವೆ. ಇಲ್ಲದಿದ್ದರೆ "ಇದನ್ನು ತಿಳಿಸಿಲ್ಲ" ಅಂತಲೇ ಹಾಕಿ, ಅದೂ ಓದುಗರಿಗೆ ಉಪಯೋಗ. "ತೊಂದರೆಯಿಲ್ಲ" ಅಂತ ಬರುವ ಸುದ್ದಿಗೂ ಇದೇ ಪ್ರಶ್ನೆ ಕೇಳಿ. ಕಂಪನಿಯವರು "ನಮ್ಮ ವಸ್ತು ಪರೀಕ್ಷೆಯಲ್ಲಿ ಪಾಸಾಗಿದೆ" ಅಂದಾಗ ಯಾವ ಪರೀಕ್ಷೆ, ಯಾವ ಕೋಶ ಅಂತ ಕೇಳುವವರು ಬಹಳ ಕಮ್ಮಿ.

ತಮ್ಮನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. "ಮೂಲ ವರದಿ ಹುಡುಕುತ್ತಿದ್ದೇನೆ. ಸಿಗೋವರೆಗೆ ಅದನ್ನ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡು. ಬಳಸಲೇಬೇಕು ಅಂದರೆ ಕೈಗವಸು ಹಾಕ್ಕೋ, ಕಿಟಕಿ ತೆಗೆದಿಡು." ವರದಿ ಇನ್ನೂ ಸಿಕ್ಕಿಲ್ಲ. ನಿಮ್ಮ ವರದಿಗಾರರ ಬಳಿ ಇದ್ದರೆ ದಯವಿಟ್ಟು ಕಳಿಸಿಕೊಡಿ. ಅವರಿಗೆ ಬಿಡುವಿದ್ದರೆ ಒಂದು ದಿನ ನಮ್ಮ ಲ್ಯಾಬಿಗೂ ಬರಲಿ. ನನ್ನ ಮೈಕ್ರೋಸ್ಕೋಪಿಗೆ ಎರಡು ಜೊತೆ ಕಣ್ಣುಗಾಜಿದೆ. ಪಕ್ಕದಲ್ಲಿ ಕೂರಿಸಿಕೊಂಡು ಆ ಹಸಿರು ಚುಕ್ಕೆಯನ್ನು ತೋರಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್